ಮುಂಬಯಿಯ ಕಲಾ ಗ್ಯಾಲರಿ, ಕಲಾ ಮೇಳ, ಹರಾಜು ಮನೆ: ಮಕ್ಕಳನ್ನು ಕರೆದೊಯ್ಯುವವರಿಗೆ ಒಂದು ಪರಿಚಯ

ಇಂದಿನ ಚಿತ್ರಕಲೆ ಮತ್ತು ಶಿಲ್ಪಕಲೆಯನ್ನು ಮುಂಬಯಿಯಲ್ಲಿ ಕಾಣಬಯಸುವವರಿಗೆ ಮೂರು ಬಗೆಯ ತಾಣಗಳುಂಟು. ವರ್ಷವಿಡೀ ಪ್ರದರ್ಶನ ನಡೆಸುವ ಗ್ಯಾಲರಿಗಳು, ವರ್ಷಕ್ಕೊಮ್ಮೆ ನೆರೆಯುವ ಕಲಾ ಮೇಳಗಳು ಮತ್ತು ಹರಾಜು ಮನೆಗಳು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಸುದ್ದಿಯಾಗುವುದು ಮೂರನೆಯದು ಮಾತ್ರ. ಇಂಥ ಚಿತ್ರ ಇಷ್ಟು ಕೋಟಿಗೆ ಹೋಯಿತೆಂಬ ಸುದ್ದಿಯನ್ನು ಓದಿದ ಪಾಲಕರು ಕಲೆಯೆಂದರೆ ಶ್ರೀಮಂತರ ವ್ಯವಹಾರವೆಂದು ಭಾವಿಸುತ್ತಾರೆ. ಗ್ಯಾಲರಿಯ ಬಾಗಿಲೂ ತಮ್ಮಂಥವರಿಗೆ ಮುಚ್ಚಿದೆಯೆಂದು ನಂಬುತ್ತಾರೆ. ಆ ಬಾಗಿಲು ಮುಚ್ಚಿಲ್ಲ. ಬಹುಪಾಲು ಕಡೆಗಳಲ್ಲಿ ಒಳಹೋಗಲು ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕುಟುಂಬಗಳಿಗೆ ಮುಂಬಯಿ ಹೊಸ ಊರಲ್ಲ. ಆಸ್ಪತ್ರೆಗೆಂದು, ಮದುವೆಗೆಂದು, ದುಡಿಮೆಗೆ ಹೋದ ಅಣ್ಣತಮ್ಮಂದಿರನ್ನು ಕಾಣಲೆಂದು ಹೋಗಿಬರುವುದು ಇದ್ದೇ ಇದೆ. ಹೋದವರು ಗೇಟ್‌ವೇ ಆಫ್ ಇಂಡಿಯಾ ನೋಡಿ, ಪಾರಿವಾಳಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ದೇಶದ ಅತ್ಯಂತ ಪ್ರಸಿದ್ಧ ಕಲಾ ಪ್ರದೇಶ ಸಿಗುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಟುಬುಕ್ಕಿನ ಕೊನೆಯ ಪುಟಗಳಲ್ಲಿ ಎತ್ತು, ಬಂಡಿ, ಶಿಕ್ಷಕರ ಮೂಗು ಬರೆಯುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ, ಆ ಹದಿನೈದು ನಿಮಿಷಗಳ ನಡಿಗೆಯನ್ನು ತಪ್ಪಿಸಬಾರದೆಂಬುದು ನಮ್ಮ ಅಭಿಪ್ರಾಯ. ಈ ಲೇಖನವನ್ನು ಮುಖ್ಯವಾಗಿ ಅಂಥ ಪಾಲಕರಿಗಾಗಿ ಸಿದ್ಧಪಡಿಸಿದ್ದೇವೆ.

ಕಾಳಾ ಘೋಡಾ ಮತ್ತು ಜಹಾಂಗೀರ್

ಸೊಲ್ಲಾಪುರದಿಂದ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯನ್ನು ಹಿಡಿದು ಹುತಾತ್ಮಾ ಚೌಕವನ್ನು ದಾಟಿ ನೇರ ನಡೆದರೆ ಕಾಳಾ ಘೋಡಾ ಬರುತ್ತದೆ. ಹೆಸರಿನ ಅರ್ಥ ಕಪ್ಪು ಕುದುರೆ. ಇಂಗ್ಲೆಂಡಿನ ಏಳನೆಯ ಎಡ್ವರ್ಡನು ಕುದುರೆಯೇರಿದ ಕಪ್ಪು ಪ್ರತಿಮೆಯೊಂದು ಇಲ್ಲಿತ್ತು. 1965ರಲ್ಲಿ ಅದನ್ನು ತೆಗೆದು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದನ್ನು ಅಲ್ಲಿ ನಿಲ್ಲಿಸಿದ್ದಾರೆ. ಮಕ್ಕಳು ಮೊದಲು ಗುರುತಿಸುವುದು ಅದನ್ನೇ.

ಜಹಾಂಗೀರ್ ಆರ್ಟ್ ಗ್ಯಾಲರಿ ಇರುವುದು ಇಲ್ಲಿಯೇ. 1952ರಲ್ಲಿ ಸರ್ ಕಾವಸಜಿ ಜಹಾಂಗೀರ್ ಅವರ ದಾನದಿಂದ ಕಟ್ಟಿದ ಈ ಗ್ಯಾಲರಿಗೂ ಕನ್ನಡ ನಾಡಿಗೂ ಇರುವ ನಂಟನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ನಗರದ ಕಲಾವಿದರಿಗೆ ಒಂದು ಸಾರ್ವಜನಿಕ ಪ್ರದರ್ಶನ ಸ್ಥಳ ಬೇಕೆಂದು ಪಟ್ಟುಹಿಡಿದು ದಾನಿಗಳ ಮನವೊಲಿಸಿದವರಲ್ಲಿ ಇಬ್ಬರು ಪ್ರಮುಖರು. ಒಬ್ಬರು ಅಣುವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರ್. ಹಳ್ಳಿಯಿಂದ ಮುಂಬಯಿಗೆ ಬಂದ ಹೆಬ್ಬಾರರು ಸರ್ ಜೆ. ಜೆ. ಕಲಾ ಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದರು; ಪದ್ಮಭೂಷಣರಾದರು. ನರ್ತಕಿಯ ಒಂದು ಭಂಗಿಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವ ಅವರ ರೇಖಾಚಿತ್ರಗಳನ್ನು ಕಂಡ ಮಗು ಪೆನ್ಸಿಲಿನಿಂದ ಎಷ್ಟು ಕಡಿಮೆ ಬರೆಯಬಹುದೆಂಬುದನ್ನು ಕಲಿಯುತ್ತದೆ. ಕಲಬುರಗಿಯ ಎಸ್. ಎಂ. ಪಂಡಿತರೂ ಇದೇ ನಗರದಲ್ಲಿ ಸಿನಿಮಾ ಪೋಸ್ಟರುಗಳನ್ನು, ಕ್ಯಾಲೆಂಡರಿನ ದೇವದೇವತೆಗಳನ್ನು ಬರೆದು ಹೆಸರಾದವರು. ನಮ್ಮ ಅಜ್ಜಂದಿರ ಮನೆಗೋಡೆಗೆ ತೂಗಿದ್ದ ಚಿತ್ರಗಳು ಇಂಥ ಕೈಗಳಿಂದ ಬಂದವು.

ಜಹಾಂಗೀರ್‌ನಲ್ಲಿ ಪ್ರವೇಶ ಉಚಿತ. ಒಳಗೆ ಹಲವು ಸಭಾಂಗಣಗಳಿದ್ದು ಪ್ರತಿಯೊಂದರಲ್ಲೂ ಬೇರೆ ಬೇರೆ ಕಲಾವಿದರ ಪ್ರದರ್ಶನ ಸಾಮಾನ್ಯವಾಗಿ ಒಂದು ವಾರ ನಡೆದು ಬದಲಾಗುತ್ತದೆ. ಇಲ್ಲಿಯ ಕ್ರಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕಲಾವಿದರು ಅರ್ಜಿ ಹಾಕಿ, ಆಯ್ಕೆಯಾಗಿ, ವರ್ಷಗಟ್ಟಲೆ ಸರದಿ ಕಾದು, ಬಾಡಿಗೆ ಕೊಟ್ಟು ಗೋಡೆ ಪಡೆಯುತ್ತಾರೆ. ಆದುದರಿಂದ ಆ ವಾರ ಕಲಾವಿದರು ಬಹುಮಟ್ಟಿಗೆ ಅಲ್ಲಿಯೇ ಕುಳಿತಿರುತ್ತಾರೆ. ಮಾತನಾಡಿಸಬಹುದು. ನಮ್ಮ ವಿದ್ಯಾರ್ಥಿಗಳು ಮಾತನಾಡಿಸಿದಾಗ ಬೇಸರಪಟ್ಟವರನ್ನು ನಾವು ಕಂಡಿಲ್ಲ. “ಈ ಬಣ್ಣ ಒಣಗಲು ಎಷ್ಟು ದಿನ ಬೇಕಾಯಿತು?” ಎಂಬ ಹುಡುಗಿಯೊಬ್ಬಳ ಪ್ರಶ್ನೆಗೆ ವಯಸ್ಸಾದ ಕಲಾವಿದರೊಬ್ಬರು ಎದ್ದು ನಿಂತು ಅರ್ಧ ಗಂಟೆ ಉತ್ತರಿಸಿದ್ದುಂಟು. ಪ್ರಶ್ನೆ ಕನ್ನಡದಲ್ಲಿ, ಉತ್ತರ ಮರಾಠಿಯಲ್ಲಿ. ನಡುವೆ ದುಭಾಷಿಗಳಾಗಿ ನಾವು. ಅದೇ ಗ್ಯಾಲರಿಯ ಹೊರಗಿನ ಪಾದಚಾರಿ ಮಾರ್ಗದಲ್ಲಿ ಗೋಡೆಗೆ ಚಿತ್ರಗಳನ್ನು ತೂಗುಹಾಕಿ ಮಾರುವ ಕಲಾವಿದರೂ ಇದ್ದಾರೆ. ಅವರು ನೋಡುನೋಡುತ್ತ ನಿಮ್ಮ ಮಗುವಿನ ಮುಖವನ್ನು ಬರೆದುಕೊಡುತ್ತಾರೆ. ಕೆಲಸ ಮಾಡುತ್ತಿರುವ ಕೈಯನ್ನು ಹತ್ತಿರದಿಂದ ಕಾಣಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಅಲ್ಲಿಂದ ಕೂಗಳತೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಮುಂಬಯಿ ಶಾಖೆ. 1911ರಲ್ಲಿ ಕಟ್ಟಿದ ಕಾವಸಜಿ ಜಹಾಂಗೀರ್ ಸಭಾಭವನದೊಳಗೆ 1996ರಲ್ಲಿ ಅದು ಆರಂಭವಾಯಿತು. ಹೊರಗಿನಿಂದ ಹಳೆಯ ಕಲ್ಲಿನ ಕಟ್ಟಡ. ಒಳಗೆ ಅರ್ಧವೃತ್ತದ ಅಂತಸ್ತುಗಳನ್ನು ಏರುತ್ತ ಏರುತ್ತ ಕೊನೆಗೆ ಗುಮ್ಮಟದಡಿ ನಿಲ್ಲುತ್ತೇವೆ. ಇದು ಸರಕಾರದ್ದು, ಇಲ್ಲಿ ಮಾರಾಟವಿಲ್ಲ. ಸೋಮವಾರ ರಜೆ. ಎದುರಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವು ಪ್ರಾಚೀನ ಕಲೆಯದಾದರೂ, ಐಹೊಳೆಯಿಂದ ಹೋದ ಬ್ರಹ್ಮ, ವಿಷ್ಣು, ಶಿವರ ಛಾವಣಿ ಶಿಲ್ಪಗಳು ಅಲ್ಲಿವೆಯೆಂಬುದನ್ನು ನೆನಪಿಡಿ.

ಗಂಟೆ ಬಾರಿಸಿ ಒಳಹೋಗುವ ಗ್ಯಾಲರಿಗಳು

ಕೊಲಾಬಾ ಮತ್ತು ಕೋಟೆ ಪ್ರದೇಶದ ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಖಾಸಗಿ ಗ್ಯಾಲರಿಗಳಿವೆ. ಫಲಕ ಚಿಕ್ಕದು, ಮೆಟ್ಟಿಲು ಕತ್ತಲು, ಕೆಲವೆಡೆ ಗಂಟೆ ಬಾರಿಸಿದ ಮೇಲೆಯೇ ಬಾಗಿಲು ತೆರೆಯುತ್ತದೆ. ನಮ್ಮವರು ಹಿಂಜರಿಯುವುದು ಈ ಬಾಗಿಲಿನ ಮುಂದೆ. ಉದಾಹರಣೆಗೆ ಕೆಮೋಲ್ಡ್ ಗ್ಯಾಲರಿಯನ್ನು ನೋಡೋಣ. ಚಿತ್ರಗಳಿಗೆ ಚೌಕಟ್ಟು ಹಾಕುವ ಉದ್ಯಮ ನಡೆಸುತ್ತಿದ್ದ ಕೇಕು ಗಾಂಧಿ ಮತ್ತು ಅವರ ಪತ್ನಿ ಖೋರ್ಶೇದ್ 1963ರಲ್ಲಿ ಜಹಾಂಗೀರ್‌ನ ಮಹಡಿಯ ಮೇಲೆ ಅದನ್ನು ಆರಂಭಿಸಿದರು. 2007ರಲ್ಲಿ ಅದು ಪ್ರೆಸ್ಕಾಟ್ ರಸ್ತೆಯ ಕಟ್ಟಡಕ್ಕೆ ಸಾಗಿತು. ಇಂಥ ಗ್ಯಾಲರಿಗಳು ತಾವು ನಂಬಿದ ಕಲಾವಿದರ ಕೃತಿಗಳನ್ನು ಒಂದು ತಿಂಗಳೋ ಒಂದೂವರೆ ತಿಂಗಳೋ ಪ್ರದರ್ಶಿಸುತ್ತವೆ. ಮಾರಾಟವಾದರೆ ಬೆಲೆಯ ಒಂದು ಪಾಲು, ಬಹಳ ಸಲ ಅರ್ಧದವರೆಗೂ, ಗ್ಯಾಲರಿಗೆ ಸೇರುತ್ತದೆ, ಉಳಿದುದು ಕಲಾವಿದರಿಗೆ. ಕೊಳ್ಳುವವರು ಕೆಲವರೇ ಆದರೂ ನೋಡುವವರು ಬರಲೆಂದು ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಶುಲ್ಕವಿಲ್ಲ, ಗುರುತಿನ ಚೀಟಿ ಬೇಕಿಲ್ಲ, ಕೊಳ್ಳಬೇಕೆಂಬ ಒತ್ತಾಯವೂ ಇಲ್ಲ.

ಒಮ್ಮೆ ಇಂಥದೊಂದು ಗ್ಯಾಲರಿಯ ಬಾಗಿಲಲ್ಲಿ ಕಾವಲುಗಾರರು ನಮ್ಮ ಹತ್ತು ಮಕ್ಕಳನ್ನು ತಡೆದು “ಇಲ್ಲಿ ಏನು ಕೆಲಸ?” ಎಂದು ಕೇಳಿದರು. ಸಮವಸ್ತ್ರ, ಹವಾಯಿ ಚಪ್ಪಲಿ, ಅರ್ಥವಾಗದ ಭಾಷೆ ಮೂರೂ ಅವರ ಕಣ್ಣಿಗೆ ಬಿದ್ದಿದ್ದವು. “ಚಿತ್ರ ನೋಡಲು ಬಂದಿದ್ದೇವೆ” ಎಂದೆವು. ಒಳಗಿನಿಂದ ಬಂದ ತರುಣಿಯೊಬ್ಬರು ತಾವೇ ಕರೆದೊಯ್ದು ಎಲ್ಲವನ್ನೂ ತೋರಿಸಿದರು. ಆ ಒಂದು ವಾಕ್ಯ ಸಾಕು. ಅದನ್ನು ಮಕ್ಕಳಿಗೆ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಹೇಳಲು ಕಲಿಸಿ ಕಳಿಸಿದರೆ ಅವರ ತಲೆ ತಗ್ಗುವುದಿಲ್ಲ.

ವಾರದ ದಿನಗಳ ಬಗೆಗೆ ಒಂದು ಮಾತು. ಖಾಸಗಿ ಗ್ಯಾಲರಿಗಳು ಬಹುತೇಕ ಬೆಳಗ್ಗೆ 11ರ ಸುಮಾರಿಗೆ ತೆರೆದು ಸಂಜೆ 6-7ಕ್ಕೆ ಮುಚ್ಚುತ್ತವೆ. ಭಾನುವಾರ ಹೆಚ್ಚಿನವು ತೆರೆಯುವುದಿಲ್ಲ. ನಮ್ಮ ಕುಟುಂಬಗಳಿಗೆ ಬಿಡುವಿರುವುದೇ ಭಾನುವಾರ. ಎಲ್ಲವನ್ನೂ ಒಂದೇ ದಿನ ನೋಡಬಯಸುವವರಿಗೆ ಶನಿವಾರವೇ ಸೂಕ್ತ. ಶಾಲೆಯ ತಂಡ ಹೋಗುವುದಾದರೆ ಮುಖ್ಯಾಧ್ಯಾಪಕರ ಪತ್ರವನ್ನು ಮುಂಚಿತವಾಗಿ ಕಳಿಸಿ ಸಮಯ ಕೇಳಿಕೊಳ್ಳಬೇಕು. ಬೆನ್ನಿನ ಚೀಲಗಳನ್ನು ಬಾಗಿಲಲ್ಲೇ ಇಡಬೇಕು; ಹಿಂದೆ ಸರಿಯುವಾಗ ಶಿಲ್ಪಕ್ಕೆ ತಗಲುವುದು ಕೈಗಿಂತ ಹೆಚ್ಚಾಗಿ ಚೀಲವೇ. ಮುಟ್ಟಬಾರದು, ಫೋಟೋಗೆ ಅನುಮತಿ ಕೇಳಬೇಕು, ಫ್ಲ್ಯಾಶ್ ಬೇಡ.

ಚೀಟಿಯನ್ನು ಓದುವ ಬಗೆ, ಚಿತ್ರವನ್ನು ನೋಡುವ ಬಗೆ

ಕೃತಿಯ ಪಕ್ಕದ ಚಿಕ್ಕ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಇಷ್ಟೇ ಇರುವುದು. ‘ಅನ್‌ಟೈಟಲ್ಡ್’ ಎಂದಿದ್ದರೆ ಕಲಾವಿದರು ಹೆಸರಿಟ್ಟಿಲ್ಲವೆಂದು ಅರ್ಥ. ಹೆಸರಿಡುವ ಕೆಲಸ ನೋಡುವವರದು. ‘ಆಯಿಲ್ ಆನ್ ಕ್ಯಾನ್ವಾಸ್’ ಎಂದರೆ ಬಟ್ಟೆಯ ಮೇಲೆ ಎಣ್ಣೆಬಣ್ಣ. ‘ಮಿಕ್ಸ್‌ಡ್ ಮೀಡಿಯಾ’ ಎಂದರೆ ಒಂದಕ್ಕಿಂತ ಹೆಚ್ಚು ಸಾಮಗ್ರಿ ಸೇರಿದೆ. ‘ಎಡಿಷನ್ 3/10’ ಎಂದರೆ ಅಚ್ಚಿನಿಂದ ತೆಗೆದ ಹತ್ತು ಪ್ರತಿಗಳಲ್ಲಿ ಇದು ಮೂರನೆಯದು. ‘ಇನ್‌ಸ್ಟಲೇಷನ್’ ಎಂಬುದಕ್ಕೆ ಕನ್ನಡ ವಿಮರ್ಶಕರು ಪ್ರತಿಷ್ಠಾಪನ ಕಲೆಯೆಂಬ ಪದವನ್ನು ಬಳಸುತ್ತಾರೆ. ಒಂದು ಕೋಣೆಯನ್ನೇ ಕೃತಿಯಾಗಿಸುವ ಬಗೆ ಅದು. ಚೀಟಿಯ ಪಕ್ಕದಲ್ಲಿ ಕೆಂಪು ಚುಕ್ಕೆಯಿದ್ದರೆ ಮಾರಾಟವಾಗಿದೆಯೆಂದು ತಿಳಿಯಬೇಕು. ಬೆಲೆಯನ್ನು ಗೋಡೆಯ ಮೇಲೆ ಬರೆಯುವುದು ಅಪರೂಪ. ಮೇಜಿನ ಬಳಿ ಬೆಲೆಪಟ್ಟಿ ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ಇಷ್ಟು ಹತ್ತಿಪ್ಪತ್ತು ಪದಗಳನ್ನು ಬಿಟ್ಟರೆ ಗ್ಯಾಲರಿಯಲ್ಲಿ ಇಂಗ್ಲಿಷಿನ ಅಗತ್ಯ ಬೀಳುವುದಿಲ್ಲ. ಕನ್ನಡ ಮಾಧ್ಯಮದ ಮಗುವೂ ಇಂಗ್ಲಿಷ್ ಮಾಧ್ಯಮದ ಮಗುವೂ ಒಂದು ಚಿತ್ರದ ಮುಂದೆ ನಿಂತಾಗ ಇಬ್ಬರ ಬಳಿಯೂ ಇರುವುದು ಎರಡು ಕಣ್ಣುಗಳೇ. ಗೋಡೆಯ ಉದ್ದನೆಯ ಇಂಗ್ಲಿಷ್ ಬರಹವನ್ನು ಮೊದಲು ಓದಿಸಲು ಹೋಗಬೇಡಿ. ಅಂಥ ಬರಹಗಳಲ್ಲಿ ಹಲವು ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗುವುದಿಲ್ಲವೆಂಬುದು ಬೇರೆ ಮಾತು. ನಾವು ಅನುಸರಿಸುವ ಕ್ರಮ ಸರಳವಾದುದು: ಒಂದು ಕೃತಿಯ ಮುಂದೆ ಐದು ನಿಮಿಷ ಮೌನವಾಗಿ ನಿಲ್ಲುವುದು, ಏನು ಕಂಡಿತೆಂದು ಪ್ರತಿ ಮಗುವೂ ಕನ್ನಡದಲ್ಲಿ ಒಂದೊಂದು ವಾಕ್ಯ ಹೇಳುವುದು, ಆಮೇಲೆ ಚೀಟಿ. ಇಡೀ ದಿನದಲ್ಲಿ ಐದಾರು ಕೃತಿಗಳನ್ನು ಹೀಗೆ ನೋಡಿದರೆ ಸಾಕು. ಇನ್ನೂರನ್ನು ಓಡುತ್ತ ನೋಡಿದವರಿಗೆ ಸಂಜೆಗೆ ಕಾಲುನೋವು ಮಾತ್ರ ಉಳಿಯುತ್ತದೆ.

“ಇದೆಂಥ ಕಲೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೆಗಣಿ, ತಲೆಗೂದಲು, ಡಾಂಬರಿನ ಡ್ರಮ್ಮುಗಳ ತಗಡು, ಕುಂಕುಮ ಬಳಿದ ದಾರ ಇವುಗಳಿಂದ ಕೃತಿ ರಚಿಸುತ್ತಾರೆ. ಸೂಜಿಗಳ ಕಣ್ಣಿನಲ್ಲಿ ನೂರಾರು ಮೀಟರ್ ದಾರ ಪೋಣಿಸಿ, ಹಗ್ಗದಂತೆ ಕೂಡಿಸಿ, ಕೋಣೆಯಲ್ಲಿ ಹರಡುವ ಅವರ ಕೃತಿಗೆ ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಜಾಗ ಸಿಕ್ಕಿದೆ. ಅಂಗಳಕ್ಕೆ ಸೆಗಣಿ ಸಾರಿಸುವ ತಾಯಿಯ ಮಗಳಿಗೆ ಅದು ನಗರದವರಿಗಿಂತ ಬೇಗ ತಿಳಿಯುತ್ತದೆ. ಅದರ ವಾಸನೆಯನ್ನೂ ಕೈಗಂಟುವ ಬಗೆಯನ್ನೂ ಅವಳು ಬಲ್ಲಳು. ಮುಂಬಯಿಯ ಅತುಲ್ ದೋಡಿಯಾ ಅಂಗಡಿಯ ಕಬ್ಬಿಣದ ಶಟರಿನ ಮೇಲೆಯೇ ಚಿತ್ರ ಬರೆದವರು. ಶಟರು ಮೇಲೆತ್ತಿದರೆ ಹಿಂದೆ ಮತ್ತೊಂದು ಚಿತ್ರ. ಸುಧೀರ್ ಪಟವರ್ಧನ್ ಠಾಣೆಯಲ್ಲಿ ಎಕ್ಸ್‌ರೇ ತಜ್ಞ ವೈದ್ಯರಾಗಿದ್ದುಕೊಂಡೇ ಲೋಕಲ್ ರೈಲಿನ ಪ್ರಯಾಣಿಕರನ್ನೂ, ಕಾರ್ಮಿಕರನ್ನೂ, ಉಪನಗರದ ಬೀದಿಗಳನ್ನೂ ವರ್ಷಗಟ್ಟಲೆ ಬರೆದರು. ನಮ್ಮ ಊರುಗಳಿಂದ ಹೋಗಿ ಅಲ್ಲಿ ದುಡಿಯುವವರ ಮುಖಗಳು ಆ ಚಿತ್ರಗಳಲ್ಲಿವೆಯೇನೋ ಎನ್ನಿಸುತ್ತದೆ.

ಮೇಳಗಳು

ಕಾಳಾ ಘೋಡಾ ಕಲಾ ಉತ್ಸವ 1999ರಲ್ಲಿ ಆರಂಭವಾಯಿತು. ಫೆಬ್ರವರಿ ಮೊದಲ ವಾರಾಂತ್ಯದ ಸುಮಾರಿಗೆ ತೊಡಗಿ ಒಂಬತ್ತು ದಿನ ನಡೆಯುತ್ತದೆ. ರಸ್ತೆಯನ್ನೇ ಮುಚ್ಚಿ ನಡುವೆ ದೊಡ್ಡ ಪ್ರತಿಷ್ಠಾಪನ ಕೃತಿಗಳನ್ನು ನಿಲ್ಲಿಸುತ್ತಾರೆ. ಸಂಗೀತ, ನಾಟಕ, ಮಕ್ಕಳ ಕಾರ್ಯಾಗಾರಗಳೂ ಇರುತ್ತವೆ. ಉಚಿತವಾದುದರಿಂದ ಶನಿವಾರ, ಭಾನುವಾರದ ಸಂಜೆ ಪಂಢರಪುರದ ಆಷಾಢ ಏಕಾದಶಿಯ ನೂಕುನುಗ್ಗಲು ನೆನಪಾಗುತ್ತದೆ. ಚಿಕ್ಕ ಮಕ್ಕಳಿದ್ದವರು ವಾರದ ನಡುವಿನ ಬೆಳಗ್ಗೆ ಹೋಗುವುದು ಲೇಸು.

ಕಲಾ ಮೇಳವೆಂಬುದು ಉತ್ಸವಕ್ಕಿಂತ ಬೇರೆ. ಅದು ವ್ಯಾಪಾರದ ಜಾತ್ರೆ. ಹತ್ತಾರು ಗ್ಯಾಲರಿಗಳು ಒಂದೇ ಚಪ್ಪರದಡಿ ಮಳಿಗೆ ಹಿಡಿದು ನಾಲ್ಕು ದಿನ ಕೃತಿಗಳನ್ನು ಮಾರುತ್ತವೆ. ದಿಲ್ಲಿಯ ಮೇಳ 2008ರಿಂದ ನಡೆಯುತ್ತ ಬಂದಿದೆ. ಮುಂಬಯಿಯ ‘ಆರ್ಟ್ ಮುಂಬಯಿ’ 2023ರ ನವೆಂಬರಿನಲ್ಲಿ ಮಹಾಲಕ್ಷ್ಮೀ ರೇಸ್‌ಕೋರ್ಸಿನಲ್ಲಿ ಮೊದಲ ಬಾರಿಗೆ ನೆರೆಯಿತು. ಇಲ್ಲಿ ಟಿಕೇಟು ಉಂಟು. ಕುಟುಂಬವೆಲ್ಲ ಹೋದರೆ ಕೈಗೆ ಭಾರವಾಗುತ್ತದೆ. ದೇಶದ ನಾನಾ ಭಾಗಗಳ ಕೃತಿಗಳನ್ನು ಒಂದೇ ದಿನ ಕಾಣಬಹುದೆಂಬುದು ನಿಜ. ಆದರೆ ಅಲ್ಲಿಯ ದೀಪ, ಗದ್ದಲ, ಒಂದರ ಪಕ್ಕದಲ್ಲೊಂದು ಒತ್ತರಿಸಿದ ಮಳಿಗೆಗಳ ನಡುವೆ ಮಗು ನಿಂತು ನೋಡುವುದು ಕಷ್ಟ. ಅದೇ ಗ್ಯಾಲರಿಗಳು ಕೊಲಾಬಾದಲ್ಲಿ ಉಚಿತವಾಗಿ, ಶಾಂತವಾಗಿ ತೋರಿಸುವುದನ್ನೇ ಇಲ್ಲಿ ದುಡ್ಡು ಕೊಟ್ಟು ಗಡಿಬಿಡಿಯಲ್ಲಿ ನೋಡುವ ಅಗತ್ಯ ನಮ್ಮ ಕುಟುಂಬಗಳಿಗಿಲ್ಲವೆಂದು ತೋರುತ್ತದೆ. ಕಲಾ ಶಿಕ್ಷಣಕ್ಕೇ ಹೋಗಬಯಸುವ ದೊಡ್ಡ ಮಕ್ಕಳಿಗೆ ಮಾತು ಬೇರೆ.

ಹರಾಜು: ಯಾರ ಕೈಯಿಂದ ಯಾರ ಕೈಗೆ

ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ ಲಿಲಾವು ನೋಡಿದವರಿಗೆ ಕಲೆಯ ಹರಾಜು ಹೊಸತೆನಿಸುವುದಿಲ್ಲ. ಕೂಗುವವರೊಬ್ಬರು, ಏರಿಸುವವರು ಹಲವರು, ಕೊನೆಗೆ ಒಬ್ಬರಿಗೆ ಇತ್ಯರ್ಥ. ವ್ಯತ್ಯಾಸಗಳೂ ಉಂಟು, ಅವು ಮುಖ್ಯವಾದವು.

ಹರಾಜು ಮನೆಯು ಮೊದಲು ಕ್ಯಾಟಲಾಗ್ ಪ್ರಕಟಿಸುತ್ತದೆ. ಪ್ರತಿ ಕೃತಿಗೂ ಒಂದು ಲಾಟ್ ಸಂಖ್ಯೆ, ಇಷ್ಟರಿಂದ ಇಷ್ಟರವರೆಗೆ ಹೋಗಬಹುದೆಂಬ ಅಂದಾಜು ದರ. ಕೃತಿಯ ಒಡೆಯರೊಂದಿಗೆ ಗುಟ್ಟಾಗಿ ಒಂದು ಕನಿಷ್ಠ ದರ ನಿಗದಿಯಾಗಿರುತ್ತದೆ. ಕೂಗು ಅಷ್ಟಕ್ಕೆ ಮುಟ್ಟದಿದ್ದರೆ ಮಾರುವುದಿಲ್ಲ. ಹರಾಜಿಗೆ ಮುನ್ನ ಕೆಲವು ದಿನ ‘ಪ್ರಿವ್ಯೂ’ ಇರುತ್ತದೆ. ನಮಗೆ ಬೇಕಾದುದು ಇದು. ಬಲ್ಲಾರ್ಡ್ ಎಸ್ಟೇಟಿನ ಪುಂಡೋಲೆ, 2000ದಲ್ಲಿ ಮುಂಬಯಿಯಲ್ಲಿಯೇ ಆರಂಭವಾದ ಸ್ಯಾಫ್ರನ್‌ಆರ್ಟ್ ಮೊದಲಾದವರು ಪ್ರಿವ್ಯೂವನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಡುತ್ತಾರೆ. ದಶಕಗಟ್ಟಲೆ ಯಾರದೋ ಮನೆಯ ಗೋಡೆಯ ಮೇಲಿದ್ದು, ಮುಂದೆ ಇನ್ಯಾರದೋ ಮನೆಯೊಳಗೆ ಮರೆಯಾಗಲಿರುವ ಚಿತ್ರಗಳು ಆ ಕೆಲವು ದಿನ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತವೆ. ಕೂಗಲು ಹೆಸರು ನೋಂದಾಯಿಸಬೇಕು. ನೋಡಲು ಏನೂ ಬೇಡ. ಹರಾಜು ನಡೆಯುವುದನ್ನು ಅಂತರ್ಜಾಲದಲ್ಲಿ ಮನೆಯಲ್ಲಿ ಕುಳಿತೂ ನೋಡಬಹುದು.

ಸುತ್ತಿಗೆ ಬಿದ್ದ ದರವೇ ಕೊಂಡವರು ಕೊಡುವ ದರವಲ್ಲ. ಅದರ ಮೇಲೆ ಹರಾಜು ಮನೆಯ ಪ್ರೀಮಿಯಂ ಸಾಮಾನ್ಯವಾಗಿ ನೂರಕ್ಕೆ 20ರ ಆಸುಪಾಸು, ಜೊತೆಗೆ ತೆರಿಗೆ. ಸುತ್ತಿಗೆ 10 ಲಕ್ಷಕ್ಕೆ ಬಿದ್ದರೆ ಕೊಂಡವರು ತೆರಿಗೆ ಬಿಟ್ಟೇ 12 ಲಕ್ಷ ತೆರುತ್ತಾರೆ. ಪತ್ರಿಕೆಗಳು ಪ್ರಕಟಿಸುವುದು ಬಹುತೇಕ ಪ್ರೀಮಿಯಂ ಸೇರಿದ ಮೊತ್ತವನ್ನು.

ಇನ್ನು ಆ ಹಣ ಹೋಗುವುದು ಎಲ್ಲಿಗೆ? ಉಳ್ಳಾಗಡ್ಡಿಯ ಲಿಲಾವಿನಲ್ಲಿ ದಲಾಲಿ, ಹಮಾಲಿ ಕಳೆದು ಉಳಿದುದು ಬೆಳೆದ ರೈತರಿಗೆ ಬರುತ್ತದೆ. ಕಲೆಯ ಹರಾಜಿನಲ್ಲಿ ಹಣ ಬರುವುದು ಚಿತ್ರ ಬರೆದವರಿಗಲ್ಲ, ಹಿಂದೆ ಕೊಂಡು ಇಟ್ಟುಕೊಂಡವರಿಗೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳದೆ ಕೋಟಿಗಳ ಸುದ್ದಿಯನ್ನು ಓದಿ ಹೇಳುವುದು ತಪ್ಪು ತಿಳಿವಳಿಕೆಗೆ ದಾರಿ.

ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಎಂ. ಎಫ್. ಹುಸೇನ್ ಹುಟ್ಟಿದ್ದು 1915ರಲ್ಲಿ, ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ. ಮುಂಬಯಿಗೆ ಬಂದು ಸಿನಿಮಾದ ದೊಡ್ಡ ಹೋರ್ಡಿಂಗುಗಳನ್ನು ಬರೆದು ಹೊಟ್ಟೆ ಹೊರೆದರು. 1947ರಲ್ಲಿ ಸೂಜಾ, ರಜಾ, ಆರಾ, ಗಾಡೆ, ಬಾಕ್ರೆ ಇವರೊಂದಿಗೆ ಪ್ರಗತಿಶೀಲ ಕಲಾವಿದರ ಗುಂಪಿನಲ್ಲಿದ್ದರು. (ಈ ಗುಂಪಿನ ಆರಾ ಹೈದರಾಬಾದಿನ ಬೊಲಾರಂನವರು, ಮುಂಬಯಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದವರು.) ಹುಸೇನರು 1954ರಲ್ಲಿ ರಚಿಸಿದ ‘ಗ್ರಾಮ ಯಾತ್ರಾ’ ಎಂಬ ಉದ್ದನೆಯ ಚಿತ್ರದಲ್ಲಿ ಹಳ್ಳಿಯ ಬದುಕಿನ ಹದಿಮೂರು ನೋಟಗಳಿವೆ. ಆಗಲೇ ಅದನ್ನು ದಿಲ್ಲಿಯಲ್ಲಿ ಕೊಂಡ ವೈದ್ಯರೊಬ್ಬರು ನಾರ್ವೆಗೆ ಒಯ್ದರು. ಮುಂದೆ ಅದು ಓಸ್ಲೋದ ಆಸ್ಪತ್ರೆಯ ಗೋಡೆಯ ಮೇಲೆ ದಶಕಗಳ ಕಾಲ ಉಳಿಯಿತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು. ಆಗ ಅದು ಆಧುನಿಕ ಭಾರತೀಯ ಚಿತ್ರವೊಂದಕ್ಕೆ ಹರಾಜಿನಲ್ಲಿ ಬಂದ ಅತ್ಯಧಿಕ ಬೆಲೆ. ಹಣ ಆ ಆಸ್ಪತ್ರೆಯಲ್ಲಿ ವೈದ್ಯರ ತರಬೇತಿಗೆ ಸಂದಿತು. ಹುಸೇನರು 2011ರಲ್ಲಿಯೇ ತೀರಿಕೊಂಡಿದ್ದರು.

ಗೋವಾ ಮೂಲದ ವಾಸುದೇವ ಗಾಯತೊಂಡೆಯವರದು ಇನ್ನೂ ತೀಕ್ಷ್ಣವಾದ ಕಥೆ. ಹೆಚ್ಚು ಮಾತನಾಡದೆ, ವರ್ಷಕ್ಕೆ ಕೆಲವೇ ಚಿತ್ರ ಬರೆದು, ಬಹುತೇಕ ಯಾರ ಗಮನಕ್ಕೂ ಬಾರದಂತೆ 2001ರಲ್ಲಿ ಅವರು ನಿಧನರಾದರು. 2013ರ ಡಿಸೆಂಬರಿನಲ್ಲಿ ಕ್ರಿಸ್ಟೀಸ್ ಮುಂಬಯಿಯಲ್ಲಿ ನಡೆಸಿದ ಮೊದಲ ಹರಾಜಿನಲ್ಲಿ ಅವರ ಒಂದು ಚಿತ್ರಕ್ಕೆ 23.7 ಕೋಟಿ, 2025ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಇನ್ನೊಂದಕ್ಕೆ 67.08 ಕೋಟಿ ರೂಪಾಯಿ ಬಂದಿತು.

ಕಲಾವಿದರಿಗೆ ಪಾಲು ಬೇಕೆಂಬ ವಿಚಾರ ಕಾನೂನಿಗೆ ಹೊಳೆಯದೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರ ಅಥವಾ ಶಿಲ್ಪದ ಮರುಮಾರಾಟದ ಬೆಲೆ 10,000 ರೂಪಾಯಿ ಮೀರಿದರೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಒಂದು ಪಾಲು ಸಲ್ಲಬೇಕು. ಆ ಪಾಲು ನೂರಕ್ಕೆ 10ನ್ನು ಮೀರಬಾರದು. ಆಚರಣೆಯಲ್ಲಿ ಈ ಕಲಮು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಿದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಕಾಗದದ ಮೇಲಿನ ಹಕ್ಕೆಂದರೇನೆಂದು ವಿವರಿಸಬೇಕಾಗಿಲ್ಲ.

ಇನ್ನೊಂದು ಕಾಯ್ದೆಯೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಅಡಿಯಲ್ಲಿ ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ ಬೋಸ್, ಜಾಮಿನಿ ರಾಯ್, ರವೀಂದ್ರನಾಥ ಠಾಕೂರ್ ಮೊದಲಾದ ಒಂಬತ್ತು ಮಂದಿಯ ಕೃತಿಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 2023ರಲ್ಲಿ 61.8 ಕೋಟಿಗೆ ಮಾರಾಟವಾದ ಶೇರ್‌ಗಿಲ್ಲರ 1937ರ ‘ದಿ ಸ್ಟೋರಿ ಟೆಲ್ಲರ್’ ಯಾರ ಕೈಗೆ ಹೋದರೂ ಭಾರತದಲ್ಲಿಯೇ ಇರಬೇಕು.

ಮನೆಯಲ್ಲಿರುವ ಚಿತ್ರಗಾರನಿಗೆ

ಮುಂಬಯಿಯಿಂದ ಮರಳಿದ ಮಗು ಚಿತ್ರಕಲೆಯನ್ನೇ ಕಲಿಯುತ್ತೇನೆಂದರೆ ಪಾಲಕರು ಗಾಬರಿಯಾಗುವುದು ಸಹಜ. ಅದರೊಂದಿಗೆ “ಹಾಗಾದರೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕಲ್ಲವೇ?” ಎಂಬ ಮಾತೂ ಬರುತ್ತದೆ. ಬೇಕಾಗಿಲ್ಲ. ಮಹಾರಾಷ್ಟ್ರದ ಕಲಾ ನಿರ್ದೇಶನಾಲಯ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯಟ್ ಚಿತ್ರಕಲಾ ಪರೀಕ್ಷೆಗಳಿಗೆ ಕನ್ನಡ ಶಾಲೆಯ ಮಕ್ಕಳೂ ಕೂಡುತ್ತಾರೆ. ಇಂಟರ್‌ಮೀಡಿಯಟ್ ಪಾಸಾದವರಿಗೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕಗಳುಂಟು. ವಸ್ತುಚಿತ್ರ, ಸ್ಮರಣ ಚಿತ್ರ, ವಿನ್ಯಾಸ ಇವೆಲ್ಲ ಕೈಯಿಂದ ಬರೆಯುವ ಪತ್ರಿಕೆಗಳು. ಹನ್ನೆರಡನೆಯ ತರಗತಿಯ ನಂತರದ ಕಲಾ ಪದವಿಯ ಪ್ರವೇಶ ಪರೀಕ್ಷೆಯಲ್ಲೂ ಹೆಚ್ಚಿನ ಭಾರ ಚಿತ್ರಕ್ಕೇ. ನಮ್ಮ ಶಾಲೆಗಳ ನಿಜವಾದ ಕೊರತೆ ಭಾಷೆಯದಲ್ಲ, ಚಿತ್ರಕಲಾ ಶಿಕ್ಷಕರದು. ಹುದ್ದೆ ಖಾಲಿಯಿದ್ದಲ್ಲಿ ಪಾಲಕ ಸಭೆಯ ಠರಾವಿನಲ್ಲಿ ಅದನ್ನು ಬರೆಯಿಸಿ, ಶಿಕ್ಷಣಾಧಿಕಾರಿಗಳಿಗೆ ಕಳಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಎಚ್ಚರಿಕೆಯ ಮಾತೂ ಉಂಟು. “ನಿಮ್ಮ ಮಗುವಿನ ಚಿತ್ರವನ್ನು ಮುಂಬಯಿಯ ಗ್ಯಾಲರಿಯಲ್ಲಿ ಪ್ರದರ್ಶಿಸುತ್ತೇವೆ, ಪದಕ ಕೊಡುತ್ತೇವೆ, ಇಷ್ಟು ಹಣ ಕಳಿಸಿ” ಎಂಬ ಸಂದೇಶಗಳು ಪಾಲಕರ ಮೊಬೈಲಿಗೆ ಬರುತ್ತಿವೆ. ಗ್ಯಾಲರಿಯ ಗೋಡೆ ಬಾಡಿಗೆಗೂ ಸಿಗುತ್ತದೆಂಬುದನ್ನು ಮೇಲೆ ಹೇಳಿದೆವು. ಗೋಡೆ ಬಾಡಿಗೆಗೆ ಹಿಡಿದು, ನೂರು ಮಕ್ಕಳಿಂದ ಶುಲ್ಕ ಎತ್ತಿ, ನೂರು ಮಂದಿಗೂ ಪ್ರಮಾಣಪತ್ರ ಹಂಚುವುದು ಕಷ್ಟದ ಕೆಲಸವಲ್ಲ. ಆ ಹಣದಲ್ಲಿ ಒಳ್ಳೆಯ ಕಾಗದ, ಎರಡು ಕುಂಚ, ಒಂದು ಡಬ್ಬಿ ಬಣ್ಣ ಬರುತ್ತವೆ.

ಬೇರೆ ಗಡಿಗಳ ಓದುಗರಿಗೆ ಮುಂಬಯಿ ದೂರ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ–ಮುಜಿರಿಸ್ ಬಿಯೆನಾಲೆ ಹತ್ತಿರ. 2012ರ ಡಿಸೆಂಬರ್ 12ರಂದು ಆರಂಭವಾದ ಇದು ಫೋರ್ಟ್ ಕೊಚ್ಚಿಯ ಹಳೆಯ ಗೋದಾಮುಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಎಂಬುದು ನಿಯಮ, ಕೆಲವು ಸಲ ಅಂತರ ಹೆಚ್ಚಾದುದುಂಟು. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ಚಿತ್ರಸಂತೆ ಇದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಕಲಾವಿದರಿಗೆ ಬಿಟ್ಟುಕೊಡುತ್ತದೆ. ಅಲ್ಲಿ ದಲ್ಲಾಳಿಗಳಿಲ್ಲ, ಬರೆದವರೇ ಮಾರುತ್ತಾರೆ, ಹಣ ಅವರ ಕೈಗೇ ಹೋಗುತ್ತದೆ. ಬೆಳಗ್ಗೆ ಬೇಗ ತಲುಪಿದವರಿಗೆ ಕಲಾವಿದರೊಡನೆ ಕನ್ನಡದಲ್ಲಿಯೇ ನಿಂತು ಮಾತನಾಡಲು ಬಿಡುವು ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.